ನಾನು ಕಾಫಿ ಪರೀಕ್ಷಕನಾದದ್ದು

ಒಂದು ಗುಟುಕು ಕಾಫಿ ನಾಲಿಗೆಗೆ ಬಿದ್ದರೆ ಸಾಕು. ಅದು ಯಾವ ಗುಡ್ಡದಲ್ಲಿ ಬೆಳೆದದ್ದು, ಎಂದು ಹುರಿದದ್ದು, ಹುರಿದವನಿಗೂ ಅವನ ಹೆಂಡತಿಗೂ ಅಂದು ಜಗಳವಾಗಿತ್ತೋ ಇಲ್ಲವೋ, ಎಲ್ಲವನ್ನೂ ಹೇಳಬಲ್ಲ ಮಹಾಪಂಡಿತ ನಾನಾಗಬೇಕು! ಸಾವಿರದ ಒಂಬೈನೂರ ನಲವತ್ಮೂರರಲ್ಲಿ ನಾನು ಹೀಗೊಂದು ಭೀಷ್ಮಪ್ರತಿಜ್ಞೆ ಮಾಡಿದೆ. ಅಲ್ಲಿಯವರೆಗೆ ನಾನು ಕಾಫಿ ಕುಡಿದದ್ದು ಎರಡೇ ಸಲ. ಒಮ್ಮೆ ಹುಬ್ಬಳ್ಳಿಯಲ್ಲಿ, ಇನ್ನೊಮ್ಮೆ ಜ್ವರದಲ್ಲಿ.

ಪ್ರತಿಜ್ಞೆಗೆ ಕಾರಣವಿತ್ತು. ನಾನು ವಿಜಾಪುರದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಕಾರಕೂನ. ಹೊಸ ಮ್ಯಾನೇಜರಾಗಿ ಬಂದ ವೇಲಾಯುಧ ಮೊದಲಿಯಾರರು ಬೆಂಗಳೂರಿನವರು, ಚಹಾ ಎಂದರೆ ಮೂಗು ಮುರಿಯುವವರು. ಆಗ ಹೆಡ್‌ಕ್ಲಾರ್ಕ್ ಜಾಗ ಖಾಲಿಯಿತ್ತು. ಬಬಲೇಶ್ವರದ ಖರೀದಿ ಕಟ್ಟೆಗೂ ಒಬ್ಬ ಬೇಕಾಗಿದ್ದ. ಅಲ್ಲಿ ತಗಡಿನ ಶೆಡ್ಡಿನಡಿ ಬೆವರು ಸುರಿಸುತ್ತ ಹತ್ತಿ ತೂಗಿಸುವ ಕೆಲಸ. ಎರಡಕ್ಕೂ ನನ್ನ ಹೆಸರೇ ಓಡಾಡುತ್ತಿತ್ತು! ಸಾಹೇಬರ ನಾಲಿಗೆಯ ಮೇಲಿಂದ ಹೋದರೆ ಕುರ್ಚಿ ಹತ್ತಿರ ಎಂದುಕೊಂಡು, "ನನಗೂ ಕಾಫಿ ಅಂದ್ರ ಜೀವರಿ ಸಾಹೇಬ್ರ!" ಎಂದುಬಿಟ್ಟೆ.

ಸಾಹೇಬರಿಗೆ ಪರದೇಶದಲ್ಲಿ ತಮ್ಮ ಸಿಕ್ಕಷ್ಟು ಆನಂದವಾಯಿತು. ದಿನಾ ಮಧ್ಯಾಹ್ನ ಪಾಠ ಶುರು!

"ಮೊದಲು ಪುಡೀನ ಬೆರಳಲ್ಲಿ ಉಜ್ಜಿ ಮೂಸಬೇಕು ಕಣ್ರೀ. ತಾಜಾ ಪುಡಿಯಾದ್ರೆ ಮೂಗಿಗೆ ಹೊಡೆಯುತ್ತೆ, ಹಳೇದಾದ್ರೆ ಗೋಣಿಚೀಲದ ವಾಸನೆ. ಆಮೇಲೆ ಸೊರ್ ಅಂತ ಎಳ್ಕೊಳ್ಳಿ, ನಾಲಿಗೆ ಪೂರ್ತಿ ಹರಡಲಿ. ಒಂದರಲ್ಲಿ ಬೆಲ್ಲದ ಸುಳಿವಿರುತ್ತೆ, ಒಂದರಲ್ಲಿ ನಿಂಬೆಹುಳಿ. ಕೆಲವದರಲ್ಲಿ ಸಣ್ಣಗೆ ತಂಬಾಕಿನ ವಾಸನೆ ಕೂಡ!"

ನನಗೆ ಸಿಕ್ಕಿದ್ದು ಕಹಿಯೊಂದೇ. ಆದರೂ ಕಣ್ಣು ಮುಚ್ಚಿ, "ಆಹಾ, ಬೆಲ್ಲ!" ಎನ್ನುತ್ತಿದ್ದೆ. ಮನೆಗೆ ಬಂದು ಚಹಾದ ಬಶಿ ಹಿಡಿದು ಸೊರ್ ಸೊರ್ ಎಂದು ಅಭ್ಯಾಸ ಮಾಡುತ್ತಿದ್ದೆ.

"ಸೊರ್ ಅಂತ ಕುಡ್ಯಾಕ ಸಾಲಿ ಕಲೀಬೇಕೇನ್ರಿ? ನಮ್ಮ ಎಮ್ಮಿ ಯಾವ ಸಾಲಿಗೆ ಹೋಗಿತ್ತು?" ಎಂದಳು ನನ್ನ ಹೆಂಡತಿ ಶಂಕ್ರೆವ್ವ.

"ನಿನಗ ಹೆಡ್‌ಕ್ಲಾರ್ಕನ ಹೇಣ್ತಿ ಆಗೂದು ಬ್ಯಾಡೇನು?"

"ಬಬಲೇಶ್ವರಕ್ಕ ಕಳಸದಿದ್ರ ಸಾಕ್ರಿ. ಆ ತಗಡಿನ ಶೆಡ್ಡಿಗೆ ಬುತ್ತಿ ಹೊರಾಕಿ ನಾ ಅಲ್ಲ!"

ಎಂಟು ದಿನದಲ್ಲಿ ಸಾಹೇಬರ ಡಬ್ಬಿ ಬರಿದಾಯಿತು. ಯುದ್ಧದ ಕಾಲ, ಬೆಂಗಳೂರಿನ ಪಾರ್ಸಲ್ಲು ಬರಲೇ ಇಲ್ಲ. ಸಾಹೇಬರು ಕಂಡಕಂಡವರ ಮೇಲೆ ಹರಿಹಾಯತೊಡಗಿದರು. ಇದೇ ಸುಸಂಧಿ ಎಂದು ನಾನು, "ರವಿವಾರ ಮುಂಜಾನೆ ನಮ್ಮ ಮನಿಗೆ ಬರ್ರಿ. ತಾಜಾ ಪುಡಿ ತರಸ್ತೇನಿ, ನಾನs ಪರೀಕ್ಷಾ ಮಾಡಿ ಕುಡಸ್ತೇನಿ!" ಎಂದೆ.

ಹುಬ್ಬಳ್ಳಿಯಿಂದ ಪರಿಚಯದವರ ಕೈಯಲ್ಲಿ ತರಿಸಿದ ಪುಡಿ ಶನಿವಾರ ಸಂಜೆ ಬಂತು. ಅದೇ ಸಂಜೆ ಟಿಕೋಟಾದಿಂದ ನಮ್ಮ ಅತ್ತೆ ಮುರಿಗೆವ್ವನವರೂ ಬಂದರು, ತಮ್ಮ ಮಿಶ್ರಿಯ ಪೊಟ್ಟಣದ ಸಮೇತ! ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಅರೆದು, ಹಲ್ಲಿಗೆ ತಿಕ್ಕುವ ಪುಡಿಯೇ ಮಿಶ್ರಿ. ದಿನಕ್ಕೆ ಮೂರು ಸಲ ಅದನ್ನು ತಿಕ್ಕದಿದ್ದರೆ ಅತ್ತೆಗೆ ಕಣ್ಣೇ ಬಿಡಲಾಗದು. ಎರಡು ಪೊಟ್ಟಣಗಳೂ ಹಳೆಯ ಪತ್ರಿಕೆಯ ಹಾಳೆಯವು, ಎರಡೂ ಅಡಿಗೆಮನೆಯ ಒಂದೇ ಗೂಡಿನಲ್ಲಿ ಕೂತವು.

ರವಿವಾರ ಮುಂಜಾನೆ ಶಂಕ್ರೆವ್ವ ಎರಡನ್ನೂ ನನ್ನ ಮುಂದೆ ಹಿಡಿದಳು.

"ಎರಡೂ ಕರ್ರಗ ಅದಾವ್ರಿ. ನನಗ ನೆಗಡಿ ಬಂದು ಮೂಗು ಕಟ್ಟೇತಿ. ತಡೀರಿ, ಅವ್ವನ್ನ ಕೇಳ್ತೇನಿ."

"ನಾ ಇರಾಗ ಅವ್ವ ಯಾಕ ಬೇಕು? ತಾ ಇಲ್ಲಿ!"

ಮೊದಲನೆಯದನ್ನು ಬೆರಳಲ್ಲಿ ಉಜ್ಜಿದೆ, ಮೂಸಿದೆ. ಥೂ, ಗೋಣಿಚೀಲ! "ಇದು ನಿಮ್ಮವ್ವಂದು, ಒಯ್ದು ಕೊಡು." ಎರಡನೆಯದನ್ನು ಮೂಸಿದೆ. ಅಬ್ಬಾ! ಮೂಗಿಗೆ ಹೊಡೆದದ್ದು ನೆತ್ತಿಗೆ ಹೋಯಿತು! ಐದು ಸೀನು ಬಂದವು, ಕಣ್ಣಲ್ಲಿ ನೀರು ಬಂತು. "ನೋಡಿದ್ಯಾ ತಾಜಾತನ! ಇದs ಕಾಫಿ! ನಾಕು ಚಮಚಾ ಹಾಕಿ ಕುದಸು!" ಎಂದು ಅಪ್ಪಣೆ ಕೊಟ್ಟೆ.

ಸಾಹೇಬರು ಬಂದರು. ಹಾಲು ಸಕ್ಕರೆ ಬೆರೆತ ಎರಡು ಕಪ್ಪುಗಳು ಹೊರಗೆ ಬಂದವು. ಗುರುವೂ ಶಿಷ್ಯನೂ ಒಟ್ಟಿಗೆ ಸೊರ್ ಎಂದೆವು. ಸಾಹೇಬರ ಹುಬ್ಬು ಹಣೆಯ ಮೇಲಕ್ಕೆ ಹೋದದ್ದು ಕೆಳಗೆ ಇಳಿಯಲೇ ಇಲ್ಲ.

"ಖಡಕ್ ಐತಲ್ರಿ ಸಾಹೇಬ್ರ? ಹಿಂದ ಸಣ್ಣಗ ತಂಬಾಕಿನ ವಾಸನಿ..."

"ಸಣ್ಣಗಾ?" ಎಂದರು ಸಾಹೇಬರು, ಬೆವರು ಒರೆಸಿಕೊಳ್ಳುತ್ತ.

ಅವರಿಗೆ ಧೈರ್ಯ ಬರಲೆಂದು ನಾನು ಕಪ್ಪನ್ನು ಒಂದೇ ಉಸಿರಿಗೆ ಬರಿದು ಮಾಡಿದೆ. ಮರ್ಯಾದಸ್ಥರು, ಪಾಪ, ಅವರೂ ಇನ್ನೆರಡು ಗುಟುಕು ನುಂಗಿದರು. ನೆಲ ಸಣ್ಣಗೆ ತಿರುಗತೊಡಗಿತು. ಅಷ್ಟರಲ್ಲಿ ಹಿತ್ತಲಿನಿಂದ ಅತ್ತೆಯ ಗಂಟಲು ಕೇಳಿಸಿತು.

"ಏ ಶಂಕ್ರೀ! ಎಂಥಾ ಮಿಶ್ರಿ ಕೊಟ್ಟೀಯ? ಮೂರು ಸರ್ತಿ ತಿಕ್ಕೇನಿ, ತಲೀಗೆ ಏರವಲ್ದು! ಇದರಾಗ ಹುರಿದ ಹುಣಸಿಬೀಜ ಬೆರಸ್ಯಾರ. ಅದೂ ಆರು ತಿಂಗಳ ಹಳೇದು!"

ಸಾಹೇಬರು ಕಪ್ಪನ್ನು ನಿಧಾನವಾಗಿ ಕೆಳಗಿಟ್ಟರು.

"ಮಿಶ್ರಿ ಅಂದ್ರೇನ್ರೀ?"

"ಹಲ್ಲಿಗೆ ತಿಕ್ಕೋದ್ರಿ... ತಂಬಾಕು ಹುರಿದು..."

ಅಯ್ಯೋ ಶಿವನೇ! ಸಾಹೇಬರು ಬಾಯಿಗೆ ಕೈ ಅಡ್ಡ ಹಿಡಿದು ಹಿತ್ತಲಿಗೆ ಓಡಿದರು. ಹಿಂದೆಯೇ ನಾನೂ ಓಡಿದೆ. ಮ್ಯಾನೇಜರು, ಕಾರಕೂನ ಎಂಬ ಭೇದವಿಲ್ಲದೆ ಇಬ್ಬರೂ ಬಚ್ಚಲ ಮೋರಿಯ ಮುಂದೆ ಸಾಷ್ಟಾಂಗ ಬಿದ್ದೆವು. ಕರ್ರಗಿನ ಬಾಯಿಯ ಅತ್ತೆ ತಲೆಯ ಮೇಲೆ ಸೆರಗೆಳೆದುಕೊಂಡು ಚೀರಿದರು: "ಯಪ್ಪಾ! ಅದು ಕುಡಿಯೂದಲ್ಲೋ, ತಿಕ್ಕೂದು!"

ಶಂಕ್ರೆವ್ವ ಮಜ್ಜಿಗೆ ತಂದು ಸುರಿದಳು. ಸಾಹೇಬರ ಮುಖ ಸುಣ್ಣದಷ್ಟು ಬೆಳ್ಳಗಾಗಿತ್ತು. ಇವರು ಇಲ್ಲಿಯೇ ಕಣ್ಣು ಮುಚ್ಚಿದರೆ ನನ್ನ ಗತಿಯೇನು ಎಂದು ಅಂಥ ಸ್ಥಿತಿಯಲ್ಲೂ ನಾನು ಲೆಕ್ಕ ಹಾಕಿದೆ. ತಾಸಿನ ಮೇಲೆ ಅವರು ಎದ್ದರು. ಅತ್ತೆಯ ಕೈಯಲ್ಲಿದ್ದ ಕಾಫಿಪುಡಿಯ ಪೊಟ್ಟಣ ಇಸಿದುಕೊಂಡು ಟಾಂಗಾ ಹತ್ತಿದರು.

ಸೋಮವಾರ ಕರೆ ಬಂತು. ಒಳಗೆ ಹೋದೆ. ಮೇಜಿನ ಮೇಲೆ ಅದೇ ಪುಡಿ ಹರಡಿತ್ತು.

"ನೀರಲ್ಲಿ ಹಾಕಿ ನೋಡಿದೆ, ರುಚಿನೂ ನೋಡಿದೆ. ಅರ್ಧಕ್ಕರ್ಧ ಹುಣಸೆಬೀಜ. ಆರು ತಿಂಗಳ ಹಳೇದೂ ಹೌದು. ನಿಮ್ಮತ್ತೆ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ."

ನನಗೆ ಹೋದ ಜೀವ ಬಂದಂತಾಯಿತು. "ಹೌದ್ರಿ ಸಾಹೇಬ್ರ, ನಮ್ಮ ಮನಿತನದಾಗs ಆ ಗುಣ ಐತ್ರಿ!" ಎಂದೆ.

"ಅವರಿಗೆ ಓದು ಬರಹ ಬರುತ್ತೇನ್ರೀ?"

"ಇಲ್ರಿ, ಹೆಬ್ಬಟ್ಟು. ಯಾಕ್ರಿ?"

ಸಾಹೇಬರು ದೊಡ್ಡ ನಿಟ್ಟುಸಿರು ಬಿಟ್ಟರು.

"ಬಂದಿದ್ರೆ ಅವರನ್ನೇ ಹೆಡ್‌ಕ್ಲಾರ್ಕ್ ಮಾಡ್ತಿದ್ದೆ. ನೀವು ನಾಳೆ ಬಬಲೇಶ್ವರಕ್ಕೆ ಹೊರಡಿ. ಹತ್ತಿ ಬರೀ ತೂಗಿಸಿ, ದಯವಿಟ್ಟು ಮೂಸೋಕೆ ಹೋಗ್ಬೇಡಿ!"