ನಿಂತರೆ ಭಾಷಣ, ಕುಂತರೆ ಹರಟೆ

ಹೆದರಿಸುವವರು ಇರುವತನಕ ನಗುವಿಗೆ ಬರವಿಲ್ಲ. ನಿಜಾಮರ ಕಾಲದಲ್ಲಿ ಲಿಂಗಸುಗೂರಿನಲ್ಲಿ ನಾನೊಂದು ವಾಚನಾಲಯ ನೋಡಿಕೊಳ್ಳುತ್ತಿದ್ದೆ. ಒಂದು ಕೋಣೆ, ಒಂದು ಜಮಖಾನೆ, ಹೊಳೆಯಾಚೆಯ ಇಂಗ್ರೇಜಿ ಸೀಮೆಯಿಂದ ಬರುವ ಹಳೇ ಪತ್ರಿಕೆಗಳು. ಅದಕ್ಕೆ ಬೀಗ ಬಿದ್ದರೆ ನನಗೆ ಊರೇ ಬೇಡವಾಗುತ್ತಿತ್ತು. ಅಲ್ಲಿ ಈ ಕೆಳಗಿನಂಥ ಪ್ರಸಂಗಗಳು ನಡೆಯುತ್ತಲೇ ಇದ್ದವು.

ಅಪ್ಪಣೆ

ಆಗ ನಾಲ್ಕು ಜನ ಸೇರಿ ಭಾಷಣ ಮಾಡಲು ಸರಕಾರದ ಅಪ್ಪಣೆ ಬೇಕು. ಪೋಲೀಸ್ ಠಾಣೆಯ ಮುಖ್ಯಸ್ಥರಾದ ಅಮೀನ ಸಾಹೇಬರ ಹತ್ತಿರ ಹೋದೆ.

"ಭಾಷಣ ಆತಂದ್ರ ಬೀಗ ಜಡೀತೀನಿ ನೋಡ್ರಿ," ಎಂದರು.

"ಹರಟಿ ಹೊಡೀಬಹುದೇನ್ರಿ?"

"ಹೊಡೀರಿ."

"ಎರಡಕ್ಕೂ ಫರಕ್ ಹ್ಯಾಂಗ್ರಿ ಗೊತ್ತಾಗೋದು?"

ಅಮೀನರು ಗಡ್ಡ ಕೆರೆದುಕೊಂಡರು. "ನಿಂತು ಮಾತಾಡಿದ್ರ ಭಾಷಣ. ಕುಂತು ಮಾತಾಡಿದ್ರ ಹರಟಿ."

ಕಾಯಿದೆಯನ್ನು ಅಷ್ಟು ಸರಳವಾಗಿ ಬಿಡಿಸಿ ಹೇಳಿದವರನ್ನು ನಾನು ಆಮೇಲೆ ಕಂಡಿಲ್ಲ.

ದೇಶಗಳ ದರ್ಜೆ

ಕುಳಿತಲ್ಲೇ ನಾವು ಇಡೀ ಯುರೋಪನ್ನು ತೂಗಿದೆವು. ಯಾವ ದೇಶದ ಪ್ರಜೆಗೆ ಎಷ್ಟು ಸ್ವಾತಂತ್ರ್ಯ? ನಮ್ಮಲ್ಲೊಬ್ಬರು ಎಣ್ಣೆ ವ್ಯಾಪಾರಿ ಅಳತೆಗೋಲು ಕೊಟ್ಟರು: "ಹಗಲಿಗೆ ಸರಕಾರಕ್ಕ ಬೈದು, ಸಂಜಿಗೆ ತನ್ನ ಮನ್ಯಾಗ ರೊಟ್ಟಿ ತಿನ್ನಾಕ ಬರ್ತದಲ್ಲ, ಅದು ಪಹಿಲಾ ದರ್ಜಿ."

ಇಂಗ್ಲೆಂಡು, ಫ್ರಾನ್ಸು ಪಾಸಾದವು. ಜರ್ಮನಿ, ಇಟಲಿ ರೊಟ್ಟಿ ಸಿಗದೆ ನಪಾಸಾದವು. ಮೂಲೆಯಿಂದ ಒಬ್ಬ ಕೇಳಿದ, "ನಮ್ದು ಯಾವ ದರ್ಜಿರೀ?"

ವ್ಯಾಪಾರಿ ಬಾಗಿಲ ಕಡೆ ನೋಡಿ, "ನಮ್ದು ಯುರೋಪಿನಾಗ ಬರಂಗಿಲ್ಲ. ಚಾ ಕುಡಿ," ಎಂದರು.

ಜೋಮು

ಊರ ಕುಲಕರ್ಣಿಯವರು ಸ್ವಿಟ್ಜರ್ಲೆಂಡಿನ ಬಗ್ಗೆ ರಂಗೇರಿ ಹೇಳುತ್ತಿದ್ದಾಗ ಕಾಲಿಗೆ ಜೋಮು ಹಿಡಿಯಿತು. ಮಾತು ನಿಲ್ಲಿಸದೆ ಎದ್ದುಬಿಟ್ಟರು. ಅದೇ ಹೊತ್ತಿಗೆ ಬಾಗಿಲಲ್ಲಿ ಠಾಣೆಯ ಜವಾನ! ನಾನೂ ಎಣ್ಣೆ ವ್ಯಾಪಾರಿಯೂ ಅವರ ಧೋತರ ಹಿಡಿದು ಜಗ್ಗಿದೆವು. ಕುಲಕರ್ಣಿಯವರು ಕುಸಿದು ಕುಳಿತರು, ಧೋತರ ನಮ್ಮ ಕೈಗೆ ಬಂತು.

ಜವಾನ ಗಂಭೀರವಾಗಿ ಹೇಳಿದ: "ಕುಂತಾರಲ್ಲ, ಸಾಕು. ಧೋತರದ್ದು ನಮಗ ಹುಕುಂ ಇಲ್ಲ."

ಅಮೀನರ ಸರದಿ

ಕಡೆಗೆ ಯಾರೋ ಮೇಲಿನವರಿಗೆ ಚಾಡಿ ಹೇಳಿದರು. ಒಂದು ಸಂಜೆ ಅಮೀನರೇ ಜವಾನನ ಜೊತೆ ಬಂದು ಜಮಖಾನೆಯ ಮೇಲೆ ಕುಳಿತರು. ಕೈಯಲ್ಲಿ ಬೀಗ. ಆದರೂ ನಾವು ಹರಟೆ ನಿಲ್ಲಿಸಲಿಲ್ಲ.

ಸ್ವಲ್ಪ ಹೊತ್ತು ಕೇಳಿದ ಅಮೀನರು, "ನಿಮ್ಮ ಫ್ರಾನ್ಸಿನಾಗ ಪೋಲೀಸ್ರಿಗೆ ರಜಾ ಸಿಗ್ತದೇನು?" ಎಂದರು.

"ಕೇಳಿದ್ರ ಕೊಡ್ತಾರಂತ್ರಿ."

ಅಷ್ಟೇ ಸಾಕಾಯಿತು. "ಇಲ್ಲೇ ಮಸ್ಕಿ ಊರಾಗ ನನ್ನ ಮಗಳು ಹಡದಾಳ. ಮೊಮ್ಮಗನ ಮಾರಿ ಇನ್ನಾ ನೋಡಿಲ್ಲ! ರಜಾ ಕೇಳಿದ್ರ ಮ್ಯಾಲಿನವ್ರು ಬೈತಾರ. ನಾ ಮನಷ್ಯಾ ಅಲ್ಲೇನು? ನನಗೇನು ಸ್ವಾತಂತ್ರ್ಯ ಅದ?" ದನಿ ಏರಿತು, ಕೈ ಏರಿತು, ಅಮೀನರೂ ಎದ್ದು ನಿಂತರು. ಅಂಥ ಭಾಷಣ ನಮ್ಮ ಕೋಣೆ ಕೇಳಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ಆದರೆ ಕಾಯಿದೆ ಕಾಯಿದೆಯೇ. ಕೈ ಮುಗಿದೆ: "ಸಾಹೇಬ್ರ, ಕುಂದರ್ರಿ. ವಾಚನಾಲಯಕ್ಕ ಬೀಗ ಬೀಳ್ತದ."

ಅಮೀನರು ತಮ್ಮ ಕಾಲುಗಳನ್ನು ನೋಡಿಕೊಂಡರು. ತಟ್ಟನೆ ಕುಳಿತು, ಬೀಗವನ್ನು ಜವಾನನ ಕೈಗಿಟ್ಟರು.

"ಠಾಣಿಗೆ ಒಯ್ಯಿ ಇದನ್ನ. ಇಲ್ಲಿ ಬರೇ ಹರಟಿ ನಡದದ."