ಒಂದೇ ನೊಗಕ್ಕೆ ಎಂಟು ಕಂಪ್ಯೂಟರ್

ಅಗ್ಗದ ಸಾಮಾನು ಹಿಡಿದು ದೊಡ್ಡ ಕೆಲಸಕ್ಕೆ ಕೈ ಹಾಕಿದವನಿಗೆ ನಗೆಪಾಟಲಿನ ಬರಗಾಲ ಯಾವತ್ತೂ ಬರುವುದಿಲ್ಲ. ಎರಡು ಸಾವಿರದ ಇಸವಿಯ ಆಚೀಚೆಯ ವರ್ಷಗಳಲ್ಲಿ ನಾನು ಸಿಂದಗಿ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಮಾಸ್ತರನಾಗಿದ್ದೆ. ಎಂಟು ಹಳೇ ಕಂಪ್ಯೂಟರುಗಳನ್ನು ವೈರಿನಿಂದ ಜೋಡಿಸಿ, ಒಂದೇ ದೊಡ್ಡ ಲೆಕ್ಕವನ್ನು ಎಂಟಕ್ಕೂ ಹಂಚಿ ಮಾಡಿಸುವ ಹುಚ್ಚು ನನಗೆ ಹತ್ತಿತು. ಇಂಥ ಜೋಡಣೆಗೆ ಕ್ಲಸ್ಟರ್ ಎನ್ನುತ್ತಾರೆ. ವಿಶ್ವವಿದ್ಯಾಲಯದ ಸಮಿತಿ ಬಂದು ನೋಡಿ ಒಪ್ಪಿದರೆ ಕಂಪ್ಯೂಟರ್ ಪದವಿ ತರಗತಿ ಶುರು. ಒಪ್ಪದಿದ್ದರೆ ಆ ಕೋಣೆ ಕಾಲೇಜಿನ ಚೇರಮನ್ನರ ತೊಗರಿ ಚೀಲಗಳಿಗೆ, ನಾನು ಮನೆಗೆ. ಇದನ್ನು ಅವರು ಮೊದಲ ದಿನವೇ ಹೇಳಿಬಿಟ್ಟಿದ್ದರು.

ಕೊಸರು

ಚೇರಮನ್ನರು ಬಸವನ ಬಾಗೇವಾಡಿ ಕಡೆಯ ಗಟ್ಟಿ ಒಕ್ಕಲುತನದ ಮನೆತನದವರು. ರೈತರ ಮಾಲು ಮಾರಿಕೊಡುವ ಅಡತಿ ಅಂಗಡಿಯೂ ಇತ್ತು. ಸೊಲ್ಲಾಪುರದಲ್ಲಿ ಚೌಕಾಸಿ ಮಾಡಿ ಈ ಹಳೇ ಯಂತ್ರಗಳನ್ನು ತಂದವರೂ ಅವರೇ. ಇವಕ್ಕೆ ಲಿನಕ್ಸ್ ಎಂಬ ಸಿಸ್ಟಮ್ ಹಾಕುತ್ತೇನೆ, ಅದು ಪುಕ್ಕಟೆ ಎಂದೆ. ಅವರ ಮುಖ ಕಪ್ಪಿಟ್ಟಿತು. ಜಗತ್ತಿನಲ್ಲಿ ಪುಕ್ಕಟೆ ಎಂಬುದಿಲ್ಲ, ಕೊಸರು ಮಾತ್ರ ಇದೆ, ಅದೂ ಏನಾದರೂ ಕೊಂಡವನಿಗೆ ಎಂಬುದು ಅವರ ಸಿದ್ಧಾಂತ. ಇದು ಯಾವುದರ ಮೇಲಿನ ಕೊಸರು ಎಂದು ಕೇಳಿದರು. ಯಾವುದರ ಮೇಲೂ ಅಲ್ಲ, ಜಾಣರೆಲ್ಲ ಸೇರಿ ಬರೆದು ಹಂಚುತ್ತಾರೆ, ಎಷ್ಟು ಸಲ ಬೇಕಾದರೂ ಹಾಕಿಕೊಳ್ಳಬಹುದು ಎಂದೆ. ಮೀಸೆ ತಿರುವಿ ಸಲಹೆ ಕೊಟ್ಟರು.

"ಹಂಗಾದ್ರ ಒಂದೊಂದಕ್ಕ ಎರಡೆರಡು ಸಲ ಹಾಕಿಬಿಡ್ರಿ ಮಾಸ್ತರ. ಕೊಡಾವ್ರ ಮನಸು ಬದಲಾದ್ರ ಏನ್ ಮಾಡ್ತೀರಿ?"

ಶಾವಿಗೆ

ಎಂಟು ಯಂತ್ರ ಒಟ್ಟಿಗೆ ಓಡಿದರೆ ಕೋಣೆ ಒಲೆಯಾಗುತ್ತಿತ್ತು. ರಂಜಾನ್ ಹಬ್ಬ ಹತ್ತಿರ ಬಂದಿತ್ತು, ವಾರದಿಂದ ಮೋಡ. ನಮ್ಮ ಪ್ಯೂನ್ ಚಾಚಾ ಮನೆಯಲ್ಲಿ ಹೊಸೆದ ಶಾವಿಗೆ ಒಣಗಲು ಬಿಸಿಲಿಲ್ಲ. ನಾನು ಒಂದು ಉದ್ದನೆಯ ಸಂಖ್ಯೆ ಯಾವ ಯಾವುದರಿಂದ ಭಾಗವಾಗುತ್ತದೆ ಎಂಬ ಲೆಕ್ಕ ಹಚ್ಚಿ ಊಟಕ್ಕೆ ಹೋಗಿ ಬರುವಷ್ಟರಲ್ಲಿ, ಚಾಚಾ ಯಂತ್ರಗಳ ಬೆನ್ನಿಗೆ ಕೋಲು ಕಟ್ಟಿ ಶಾವಿಗೆ ಇಳಿಬಿಟ್ಟಿದ್ದರು. ನನ್ನ ಪಿತ್ತ ನೆತ್ತಿಗೇರಿತು. ಚಾಚಾ ಮಾತ್ರ, ಲೆಕ್ಕ ಯಾವಾಗ ಮುಗಿಯುತ್ತದೆ ಎಂದು ವಿನಯದಿಂದ ವಿಚಾರಿಸಿದರು. ಸಂಜೆಯೊಳಗೆ ಎಂದೆ.

"ಇಷ್ಟ ಲಗೂನ ಯಾಕ್ರಿ ಸರ? ಇನ್ನೊಂದು ಅಂಕಿ ಜಾಸ್ತಿ ಹಾಕ್ರಿ. ಈ ಕಡೆ ಸಾಲು ಇನ್ನೂ ಹಸಿ ಐತಿ."

ನಾನು ಎರಡು ಅಂಕಿ ಹಾಕಿದೆ.

ಸೋಮವಾರ

ಸಮಿತಿ ಬರುವ ಹಿಂದಿನ ದಿನ ಚೇರಮನ್ನರು, ನಾಳೆ ತಾವೂ ಎರಡು ಮಾತಾಡಬೇಕು, ಇದೇನೆಂದು ತಿಳಿಸಿಕೊಡಿ ಎಂದರು. ಎರೆಭೂಮಿಯಲ್ಲಿ ಒಂದು ಜೋಡಿ ಎತ್ತಿಗೆ ಜಗ್ಗದ ದೊಡ್ಡ ನೇಗಿಲಿಗೆ ನಾಲ್ಕು ಜೋಡಿ ಹೂಡುವುದಿಲ್ಲವೇ, ಇವೂ ಹಾಗೇ ಎಂಟು ಎತ್ತು ಎಂದೆ. ಅವರಿಗೆ ಬಹಳ ಹಿಡಿಸಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮರುದಿನ ಬೆಳಿಗ್ಗೆ ಯಂತ್ರ ಶುರು ಮಾಡುವುದಕ್ಕೂ ಕರೆಂಟು ಒಮ್ಮೆಲೇ ಏರುವುದಕ್ಕೂ ಸರಿಹೋಯಿತು. ಎಂಟೂ ವೈರು ಬಂದು ಕೂಡುವ ಡಬ್ಬಿ ಹೊಗೆಯಾಡಿ ಸತ್ತಿತು. ಕಂಡವರು ನಾನು, ಚಾಚಾ ಇಬ್ಬರೇ. ಅಷ್ಟರಲ್ಲಿ ಸಮಿತಿಯ ಕಾರು ಅಂಗಳಕ್ಕೆ ಬಂತು. ಕೋಟು ತೊಟ್ಟ ಮುಖ್ಯಸ್ಥರು ಒಳಗೆ ಬಂದವರೇ, ನಡೆಸಿ ತೋರಿಸಿ ಎಂದರು. ತೊಗರಿ ಚೀಲಗಳು ಕಣ್ಣ ಮುಂದೆ ಸಾಲಾಗಿ ಬಂದು ಕುಳಿತವು.

ಚೇರಮನ್ನರು ಮುಂದೆ ಬಂದು, "ಇವತ್ತ ಆಗಂಗಿಲ್ರಿ" ಎಂದರು. "ಇವು ಎಂಟು ಎತ್ತು ಅಂತ ಮಾಸ್ತರೇ ಹೇಳ್ಯಾರ. ಇವತ್ತ ಸೋಮವಾರ, ಬಸವಣ್ಣನ ವಾರ. ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ."

ಅವರು ತಮಾಷೆ ಮಾಡುತ್ತಿರಲಿಲ್ಲ. ನಾನು ಸತ್ತೆನೆಂದುಕೊಂಡೆ. ಆದರೆ ಮುಖ್ಯಸ್ಥರು ಮುದ್ದೇಬಿಹಾಳ ಕಡೆಯ ಒಕ್ಕಲುತನದ ಮನೆಯ ಮಗ. ಯಂತ್ರಗಳಿಗೆ ಕೈ ಮುಗಿದರು.

"ಖರೇನ್ರಿ. ನಮ್ಮಪ್ಪ ಸೋಮವಾರ ಟ್ರ್ಯಾಕ್ಟರ್ ಸೈತ ಹೊರಗ ತಗೀತಿದ್ದಿಲ್ಲ."

ನಿಂತಲ್ಲೇ ಒಪ್ಪಿಗೆಯ ಸಹಿ ಹಾಕಿ, ರೊಟ್ಟಿ ಊಟ ಮಾಡಿ ಹೋದರು. ನನಗೆ ಹೋದ ಜೀವ ಬಂದಂತಾಯಿತು.

ಮಂಗಳವಾರ ಬೆಳಿಗ್ಗೆ ಚೇರಮನ್ನರು ತೆಂಗಿನಕಾಯಿ ಹಿಡಿದು, ಈಗ ಹೂಡೋಣ ಎಂದು ಬಂದೇಬಿಟ್ಟರು. ಹೊಸ ಡಬ್ಬಿ ಇನ್ನೂ ಸೊಲ್ಲಾಪುರದಿಂದ ಬಂದಿರಲಿಲ್ಲ. ಚಾಚಾ ಬಾಗಿಲಿಗೆ ಅಡ್ಡ ನಿಂತು ದನಿ ತಗ್ಗಿಸಿದರು.

"ಒಳಗ ಇನ್ನೂ ಸೋಮವಾರ ಐತ್ರಿ ಸಾವ್ಕಾರ್ರ."