ಶಾಂತಮೂರ್ತಿ ಎಳೆದ ಕೆಂಪು ಗೆರೆ

ಮಧುವನಹಳ್ಳಿಯ ರಸ್ತೆ ಬದಿಯ ಗೋಡೆಯೊಂದರ ಮೇಲೆ ಶಾಂತಮೂರ್ತಿ ಕೆಂಪು ಸೀಮೆಸುಣ್ಣದಲ್ಲಿ ಗೆರೆ ಎಳೆದದ್ದು, ಮೊಬೈಲಿನಲ್ಲಿ ಗೋಡೆ ಎಲ್ಲಿಯವರೆಗೆ ಕಾಣಬೇಕು ಎಂದು ಗುರುತಿಟ್ಟುಕೊಳ್ಳುವುದಕ್ಕೆ. ಅದಕ್ಕಿಂತ ಹೆಚ್ಚಿನ ಯಾವ ಉದ್ದೇಶವೂ ಆ ಹುಡುಗನಿಗೆ ಇರಲಿಲ್ಲ.

ಕೊಳ್ಳೇಗಾಲದ ಕಾಲೇಜಿನಲ್ಲಿ ಅವನು ಪತ್ರಿಕೋದ್ಯಮದ ಕೊನೆಯ ವರ್ಷದಲ್ಲಿದ್ದ. ಪಾಸಾಗಬೇಕಾದರೆ ಒಂದು ಪ್ರಯೋಗಾತ್ಮಕ ಸಾಕ್ಷ್ಯಚಿತ್ರ ಮಾಡಲೇಬೇಕು. ರೇಷ್ಮೆ ಮಗ್ಗ ಎಂದು ಹೇಳಿದ್ದಕ್ಕೆ ರುದ್ರಾಣಿ ಮೇಡಂ ಆಕಳಿಸಿದ್ದರು. ಜಲಪಾತ ಎಂದದ್ದಕ್ಕೆ ಕನ್ನಡಕ ಒರೆಸಿಕೊಂಡಿದ್ದರು. ಕುಂತೂರಿನ ಸಕ್ಕರೆ ಕಾರ್ಖಾನೆ ಎಂದಾಗಲಂತೂ ಕಿಟಕಿಯಾಚೆ ನೋಡುತ್ತಾ ಕೂತುಬಿಟ್ಟಿದ್ದರು.

"ಎಲ್ಲರೂ ನೋಡಿರೋದನ್ನೇ ಯಾಕೆ ನೋಡ್ತೀಯ? ಯಾರೂ ನೋಡದೇ ಇರೋದನ್ನ ನೋಡು. ಅದು ಮಾತಾಡೋವರೆಗೆ ಕಾಯಿ. ನಾಳೆ ನಾಲ್ಕು ಗಂಟೆಗೆ ಏನಾದ್ರೂ ತೋರಿಸಲಿಲ್ಲ ಅಂದ್ರೆ ಈ ವರ್ಷ ನಿನ್ನನ್ನ ಮರೆತುಬಿಡ್ತೀನಿ" ಎಂದಿದ್ದರು.

ಯಾರೂ ನೋಡದೇ ಇರುವುದು ಯಾವುದು ಎಂದು ರಾತ್ರಿಯೆಲ್ಲ ಯೋಚಿಸಿ ಗೋಡೆ ಎಂದು ತೀರ್ಮಾನಿಸಿದ. ತನ್ನ ಬೀದಿಯಲ್ಲಾದರೆ ನೂರು ಜನ ಮಾತಾಡಿಸುತ್ತಾರೆ. ಅದಕ್ಕೇ ಬೆಳಿಗ್ಗೆ ಹನೂರಿನ ಬಸ್ಸು ಹತ್ತಿ, ಗುರುತು ಪರಿಚಯವಿಲ್ಲದ ಮಧುವನಹಳ್ಳಿಯಲ್ಲಿ ಇಳಿದು, ಮೂರು ಕಾಲಿನ ಸ್ಟ್ಯಾಂಡಿಗೆ ಮೊಬೈಲು ಸಿಕ್ಕಿಸಿ, ಗೋಡೆ ಮಾತಾಡುವುದನ್ನು ಕಾಯುತ್ತಾ ನಿಂತ.

ಗೋಡೆಯ ಬದಲು ಗೋಡೆಯ ಒಡತಿ ಚನ್ನಮಲ್ಲಮ್ಮ ಮಾತಾಡಿದಳು. ಕೈಯಲ್ಲಿ ಅರ್ಧ ತಿಕ್ಕಿದ ಪಾತ್ರೆಯಿತ್ತು.

"ಯಾಕಪ್ಪಾ, ನಮ್ ಗ್ವಾಡಗೆ ಏನಾಗದ?"

"ಏನೂ ಇಲ್ಲಮ್ಮ, ಸುಮ್ನೆ ನೋಡ್ತಿದೀನಿ."

"ಸುಮ್ನೆ ನೋಡಕ್ಕೆ ಮಿಷನ್ ಯಾಕೆ? ಕೆಂಪು ಗೀಟ್ ಯಾಕೆ?"

ಎದುರಿನ ಟೀ ಅಂಗಡಿಯ ರಂಗಸ್ವಾಮಿ ಒಂದು ಕಣ್ಣು ಹಾಲಿನ ಮೇಲೆ, ಇನ್ನೊಂದು ಕಣ್ಣು ಕೆಂಪು ಗೆರೆಯ ಮೇಲೆ ಇಟ್ಟುಕೊಂಡೇ ಕೂಗಿದ: "ಅಷ್ಟೂ ತಿಳಿಯದಿಲ್ವಾ ಅಕ್ಕಾ? ರೋಡ್ ಅಗಲ ಮಾಡ್ತಾರೆ. ಗೀಟಿಂದ ಈಚೆಗಿರದೆಲ್ಲ ಓಯ್ತದ!"

ಪಾತ್ರೆ ಚನ್ನಮಲ್ಲಮ್ಮನ ಕೈಯಿಂದ ಜಾರಿತು. ಆ ಸದ್ದಿಗೆ ಅಕ್ಕಪಕ್ಕದ ನಾಲ್ಕು ಬಾಗಿಲು ತೆರೆದವು.

"ಅಯ್ಯೋ, ನಾನು ಸ್ಟೂಡೆಂಟು! ಡಾಕ್ಯುಮೆಂಟರಿ ಮಾಡೋಕೆ ಬಂದಿರೋದು" ಎಂದು ಶಾಂತಮೂರ್ತಿ ಕೈಯಾಡಿಸಿದ.

"ಡಾಕ್ಯುಮೆಂಟ್ ಬೇಕಂತೆ ಕಣ್ರಪ್ಪೋ!" ಎಂದು ರಂಗಸ್ವಾಮಿ ಬೀದಿಗೆಲ್ಲ ಕೇಳುವಂತೆ ಸಾರಿದ.

ಹತ್ತು ನಿಮಿಷದಲ್ಲಿ ಶಾಂತಮೂರ್ತಿಯ ಸುತ್ತ ಪಡಿತರದ ಸಾಲಿನಂಥ ಸಾಲು. ಒಬ್ಬರ ಕೈಯಲ್ಲಿ ಖಾತೆ ಪತ್ರ, ಇನ್ನೊಬ್ಬರ ಕೈಯಲ್ಲಿ ಕಂದಾಯದ ರಸೀದಿ, ಮುದುಕರೊಬ್ಬರ ಕೈಯಲ್ಲಿ ಮಗನ ಮದುವೆಯ ಲಗ್ನಪತ್ರಿಕೆ. ಅದರಲ್ಲಿ ಮನೆ ವಿಳಾಸ ಅಚ್ಚಾಗಿತ್ತಂತೆ. ಬೇಡ ಬೇಡ ಎಂದು ಅವನು ಕೈ ಮುಗಿದಷ್ಟೂ ಜನರಿಗೆ ಅವನ ಮೇಲೆ ಗೌರವ ಹೆಚ್ಚುತ್ತಾ ಹೋಯಿತು. ಇಷ್ಟು ವಿನಯದ ಆಫೀಸರನ್ನು ಅವರು ಕಂಡಿರಲಿಲ್ಲ.

ರಂಗಸ್ವಾಮಿ ಟೀ ಲೋಟ ಹಿಡಿದು ಬಂದು ಕಿವಿಯ ಹತ್ತಿರ ಪಿಸುಗುಟ್ಟಿದ. "ಸಾ, ಅರ್ಧ ಅಂಗ್ಡಿ ಒಡದ್ರೆ ಪರಿಹಾರ ಸರಿಯಾಗಿ ಬರದಿಲ್ಲ. ಪೂರ್ತಿ ಓಗಂಗೆ ಗೀಟ್ ಆಕ್ಬುಡಿ ಸಾ."

ಈ ಪಿಸುಮಾತು ಚನ್ನಮಲ್ಲಮ್ಮನ ಕಿವಿಗೆ ಬಿತ್ತು. "ನಿನ್ ಅಂಗ್ಡಿ ಬೇಕಾರೆ ಬುಡದಿಂದ ಓಗ್ಲಿ. ನಮ್ ಗ್ವಾಡೆ ಮುಟ್ಟಿದ್ರೆ ಸುಮ್ಕಿರಕಿಲ್ಲ! ಗೀಟ್ ಅಳಿಸಪ್ಪಾ ಮೊದ್ಲು!"

ಬದುಕಿದೆ ಎಂದುಕೊಂಡ ಶಾಂತಮೂರ್ತಿ ಅಂಗಿಯ ತುದಿಯಿಂದ ಗೆರೆ ಅಳಿಸಿದ. ಅದೇ ತಪ್ಪಾಯಿತು. ಅವಳ ಗೋಡೆ ಉಳಿಯಿತೆಂದರೆ ರಸ್ತೆ ನಮ್ಮ ಕಡೆಗೇ ತಿರುಗುತ್ತದೆ ಎಂದು ಎದುರು ಸಾಲಿನವರೆಲ್ಲ ಎದ್ದು ಬಂದರು.

"ಎಷ್ಟ್ ಕೊಟ್ಲು ಏಳ್ಲಾ ಆ ಯಮ್ಮ?" ಎಂದು ಒಬ್ಬ ಅವನ ಕೊರಳಪಟ್ಟಿ ಹಿಡಿದ. 'ಸಾ' ಎಂಬುದು 'ಲಾ' ಆಗಲು ಅರ್ಧ ಗಂಟೆಯೂ ಹಿಡಿದಿರಲಿಲ್ಲ. ಹೆದರಿದ ಶಾಂತಮೂರ್ತಿ ಮತ್ತೆ ಗೆರೆ ಎಳೆದ. ಆಗ ಈ ಸಾಲಿನವರು ಪೊರಕೆ ಹಿಡಿದು ಬಂದರು. ಎರಡು ಸಾಲಿನವರೂ ನಡುರಸ್ತೆಯಲ್ಲಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿರುವಾಗ, ಅವನು ಸ್ಟ್ಯಾಂಡು ಕಿತ್ತುಕೊಂಡು, ಕುಂತೂರಿಗೆ ಕಬ್ಬು ಒಯ್ಯುತ್ತಿದ್ದ ಟ್ರ್ಯಾಕ್ಟರಿಗೆ ಜೋತುಬಿದ್ದ.

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಉಸಿರು ಬಿಟ್ಟು ಮೊಬೈಲು ನೋಡಿದರೆ, ಅದು ಇಡೀ ಹೊತ್ತು ಎಲ್ಲವನ್ನೂ ಹಿಡಿದಿಟ್ಟಿತ್ತು. ಪಾತ್ರೆ ಬಿದ್ದದ್ದು, ಲಗ್ನಪತ್ರಿಕೆ, ಪಿಸುಮಾತು, ಪೊರಕೆ. ಗೋಡೆ ಮಾತಾಡಿತ್ತು! ಮಧ್ಯಾಹ್ನದ ಊಟ ಬಿಟ್ಟು, ನಿಲ್ದಾಣದ ಬೆಂಚಿನಲ್ಲೇ ಕೂತು ಅದನ್ನು ಹನ್ನೆರಡು ನಿಮಿಷಕ್ಕೆ ಕತ್ತರಿಸಿದ. ಈ ನಡುವೆ ಮನೆಯಿಂದ ಆರು ಸಲ ಫೋನು ಬಂದಿತ್ತು. ಊಟಕ್ಕೆ ಕರೆಯುತ್ತಿರಬೇಕು ಎಂದುಕೊಂಡು ಎತ್ತಲಿಲ್ಲ.

ನಾಲ್ಕು ಗಂಟೆಗೆ ರುದ್ರಾಣಿ ಮೇಡಂ ನೋಡಿದರು. ಆಕಳಿಸಲಿಲ್ಲ. ಮುದುಕರ ಲಗ್ನಪತ್ರಿಕೆ ಬಂದಾಗ ನಕ್ಕೂಬಿಟ್ಟರು.

"ಇದು ಸಿನಿಮಾ! ಆದ್ರೆ ಅರ್ಧ ಸಿನಿಮಾ. ಇಷ್ಟು ಗಾಬರಿ ಹಬ್ಬಿಸಿ ಓಡಿ ಬಂದಿದೀಯ. ಈ ಗಾಬರಿ ಎಲ್ಲೋ ಒಂದು ಕಡೆ ಯಾರ ತಲೆ ಮೇಲಾದ್ರೂ ಬಿದ್ದಿರುತ್ತೆ. ಆ ದೃಶ್ಯ ಇದ್ರೆ ನೂರಕ್ಕೆ ನೂರು. ಇಲ್ಲಾಂದ್ರೆ ಬರೀ ತಮಾಷೆ, ಪಾಸು ಮಾಡೋಕಾಗಲ್ಲ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ತಗೊಂಡು ಬಾ."

ಮತ್ತೆ ಮಧುವನಹಳ್ಳಿಗೆ ಹೋದರೆ ತಲೆ ಒಡೆಯುವುದು ತನ್ನದೇ ಎಂದು ಯೋಚಿಸುತ್ತಾ ಅವನು ಮನೆಯ ಕಡೆ ನಡೆದ. ಮನೆ ಇದ್ದದ್ದು ಊರಾಚೆ, ಅದೇ ಹನೂರು ರಸ್ತೆಯ ಮೇಲೆ. ದೂರದಿಂದಲೇ ಧೂಳು ಕಂಡಿತು. ಹತ್ತಿರ ಹೋದರೆ ಅವನ ಮಂಚ ರಸ್ತೆ ಬದಿಯಲ್ಲಿತ್ತು. ಮಂಚದ ಮೇಲೆ ಪುಸ್ತಕ, ಪುಸ್ತಕದ ಮೇಲೆ ಕಿಟಕಿಯ ಚೌಕಟ್ಟು. ಅವನ ಮುಂಭಾಗದ ರೂಮಿನ ಮೂರು ಗೋಡೆ ನೆಲದ ಮೇಲಿದ್ದವು. ನಾಲ್ಕನೆಯದರ ಮುಂದೆ ಅಪ್ಪ ಪುಟ್ಟಮಾದಪ್ಪ ಸುತ್ತಿಗೆ ಎತ್ತಿ ನಿಂತಿದ್ದ.

"ಅಪ್ಪಾ! ಏನಿದು?"

"ಮಧುವನಳ್ಳಿ ತಾವ ಸರ್ವೆಯವ್ನು ಬಂದು ಕೆಂಪು ಗೀಟ್ ಆಕವ್ನಂತೆ ಕಣ್ಲಾ. ನಾಳೆ ಜೆಸಿಬಿ ಇಲ್ಲಿಗೇ ಬತ್ತದ. ಅದು ನುಗ್ಗಿದ್ರೆ ಒಂದು ಇಟ್ಗೆನೂ ಉಳಿಯಲ್ಲ. ನಾವೇ ಬಿಚ್ಕಂಡ್ರೆ ಬಾಗ್ಲು ಕಿಟ್ಕಿನಾದ್ರೂ ಸಿಕ್ತವೆ ಅಂತ."

ಅಮ್ಮ ಬಸವಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಗೊಣಗಿದಳು. "ಕೇಳಾನಾ ಅಂತ ಆರ್ ಸಲ ಫೋನ್ ಮಾಡ್ದೆ. ನೀ ಎತ್ಲಿಲ್ಲ."

ಇಳಿಬಿಸಿಲು ಧೂಳಿನಲ್ಲಿ ಚಿನ್ನದ ಹಾಗೆ ತೇಲುತ್ತಿತ್ತು. ಒಡೆದ ಗೋಡೆ, ಎತ್ತಿದ ಸುತ್ತಿಗೆ, ಬೀದಿಗೆ ಬಿದ್ದ ಮಂಚ, ಸೆರಗು ಹಿಡಿದ ಅಮ್ಮ. ಮೇಡಂ ಕೇಳಿದ್ದ ಕೊನೆಯ ದೃಶ್ಯ ಎದುರಿಗೇ ನಿಂತಿತ್ತು, ನೂರಕ್ಕೆ ನೂರು. ಶಾಂತಮೂರ್ತಿಯ ಕೈ ತಾನಾಗಿಯೇ ಜೇಬಿಗೆ ಹೋಯಿತು.

"ಅದ್ಯಾವನೋ ಎಳೇ ಹೈದನಂತೆ, ಮೊಬೈಲ್ ಇಟ್ಕಂಡು ಬಂದಿದ್ನಂತೆ" ಎಂದ ಅಪ್ಪ, ಹಣೆಯ ಬೆವರು ಒರೆಸಿಕೊಳ್ಳುತ್ತಾ. "ಒಂದೇ ಒಂದ್ಸಲ ಅವನು ನನ್ ಕೈಗ್ ಸಿಕ್ಕಬೇಕು, ಈ ಸುತ್ತಿಗೇಲಿ... ಏನ್ಲಾ ಅದು ಜೇಬಲ್ಲಿ?"

"ಏನಿಲ್ಲಪ್ಪ, ಕರ್ಚೀಪು" ಎಂದು ಅವನು ಖಾಲಿ ಕೈ ಹೊರಗೆ ತೆಗೆದ.

"ಮತ್ಯಾಕ್ ನಿಂತಿದೀಯ?" ಎಂದು ಪುಟ್ಟಮಾದಪ್ಪ ಆ ಖಾಲಿ ಕೈಗೆ ಸುತ್ತಿಗೆ ಕೊಟ್ಟ. "ನನ್ ರಟ್ಟೆ ಬಿದ್ದೋಯ್ತು. ಇದೊಂದು ಗ್ವಾಡೆ ನೀನೇ ಕೆಡುವು."